ಎರಡು ತಂಬಿಗೆ ನೀರು

ನಮ್ಮ ಹಳೇ ಮನೆಯ ನೆಲಮಾಳಿಗೆಯಲ್ಲಿದ್ದ ಬಾಡಿಗೆಯವಳ ಜೊತೆ ನಾನು ಮೂಗಿಗೆ ಸೆರಗು ಹಿಡಿದೇ ಮಾತಾಡುತ್ತಿದ್ದೆ. ಅವಳು ಮೀನು ಬೇಯಿಸುತ್ತಿದ್ದದ್ದು ವಾರಕ್ಕೊಂದು ದಿನ. ನನಗೆ ಏಳು ದಿನವೂ ಅದೇ ವಾಸನೆ.

"ಈ ತಿಂಗಳೇ ಖಾಲಿ ಮಾಡು. ನಿಮ್ಮಂಥೋರಿಗೆ ಮನೆ ಕೊಟ್ಟಿದ್ದೇ ನನ್ನ ತಪ್ಪು," ಎಂದೆ.

"ಮೀನು ಮಾಡೋದು ಬಿಡ್ತೀನಿ ಅಮ್ಮಾ. ಮಗಳ ಪರೀಕ್ಷೆ ಮುಗಿಯೋವರೆಗಾದ್ರೂ ಇರ್ತೀವಿ."

"ಮೀನು ಬಿಟ್ರೆ ಮೈ ವಾಸನೆ ಹೋಗುತ್ತಾ?"

ತಿಂಗಳ ಕೊನೆಗೆ ಅವಳು ಮನೆ ಖಾಲಿ ಮಾಡಿದಳು. ಸಾಮಾನನ್ನೆಲ್ಲ ಆಟೋಗೆ ಹಾಕಿ, ಬೀಗದ ಕೈ ಕೊಡಲು ಬಂದಾಗ ಹೇಳಿದಳು: "ಅಮ್ಮಾ, ಕೆಳಗೆ ಮೂಲೇಲಿ ನೀರು ಹೋಗೋ ಜಾಲಿಗೆ ದಿನಾ ಎರಡು ತಂಬಿಗೆ ನೀರು ಹಾಕ್ತಿರಿ. ಅದರ ಕೆಳಗಿನ ಪೈಪಲ್ಲಿ ನೀರು ಒಣಗಿದ್ರೆ ಚರಂಡಿ ನಾತ ಮೇಲೆ ಬರುತ್ತೆ. ನಾನು ಒಂದು ದಿನಾನೂ ತಪ್ಪಿಸಿಲ್ಲ."

"ನಾತದ ವಿಷಯ ನೀನು ನಂಗೆ ಹೇಳಿಕೊಡ್ತೀಯಾ? ಕೀ ಕೈಗೆ ಕೊಡ್ಬೇಡ, ಕಟ್ಟೆ ಮೇಲಿಟ್ಟು ಹೋಗು."

ಅವಳು ಹೋದ ಮೇಲೆ ಆ ಬೀಗದ ಕೈಗೆ ಎರಡು ತಂಬಿಗೆ ನೀರು ಸುರಿದು ಒಳಗೆ ತಂದೆ. ಜಾಲಿಗೆ ಒಂದು ಹನಿಯನ್ನೂ ಹಾಕಲಿಲ್ಲ.

ನಮ್ಮವರೇ ಬೇಕೆಂದು ಹುಡುಕುವಷ್ಟರಲ್ಲಿ ಎರಡು ತಿಂಗಳಾಯಿತು. ಕೊನೆಗೆ ಮನೆ ನೋಡಲು ಬಂದಾಕೆ ಮಹಾ ಮಡಿಯವರು. ನಾನು ಹೆಮ್ಮೆಯಿಂದ ನೆಲಮಾಳಿಗೆಯ ಬಾಗಿಲು ತೆರೆದೆ. ಆಕೆ ಎರಡು ಮೆಟ್ಟಿಲು ಇಳಿದವರು ಗಕ್ಕನೆ ನಿಂತರು. ಮೂಗಿಗೆ ಸೆರಗು ಹಿಡಿದು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ನೀವು ನಮ್ಮವರೇ ಅಂದ್ರಲ್ಲ? ನಿಜ ಹೇಳಿ, ಮನೇಲಿ ಮೀನು ಮಾಡ್ತೀರಾ?"