ಪಿಟೀಲಿನ ಚಾನೆಲ್

ಪದ್ಮನಾಭ ತೀರಿಕೊಂಡು ತಿಂಗಳಾಗಿತ್ತು. ಅವನ ತಂಡದ ಕೊನೆಯ ರಿಹರ್ಸಲ್ಲಿನ ರೆಕಾರ್ಡಿಂಗ್ ನೌಷಾದನ ಸ್ಟುಡಿಯೋದಲ್ಲಿ ಉಳಿದಿತ್ತು. ಪದ್ಮನಾಭನ ಪಿಟೀಲು, ಕೊಳಲು, ಘಟ, ಕಂಪ್ಯೂಟರಿನಲ್ಲೇ ಹುಟ್ಟಿಸಿದ ನಾದಗಳು, ಹೀಗೆ ಒಂದೊಂದಕ್ಕೂ ಬೇರೆ ಚಾನೆಲ್. ಫೈಲು ಎಷ್ಟು ದೊಡ್ಡದೆಂದರೆ, ತೆರೆಯಹೋದಾಗಲೆಲ್ಲ ಸಾಫ್ಟ್‌ವೇರ್ ನಿಂತುಬಿಡುತ್ತಿತ್ತು.

ಪದ್ಮನಾಭನ ಹೆಂಡತಿ ಇಂದುಮತಿ ನೌಷಾದನ ಪಕ್ಕದಲ್ಲಿ ಕೂತಿದ್ದಳು. ಕೊಟ್ಟ ಚಹಾ ಆರಿಹೋಗಿತ್ತು.

“ಇಡೀ ಫೈಲನ್ನ ಒಟ್ಟಿಗೆ ಮೆಮೊರಿಗೆ ತುಂಬೋಕೆ ಆಗಲ್ಲ ಅಕ್ಕ. ಡಿಸ್ಕಿನಿಂದಲೇ ಸ್ವಲ್ಪಸ್ವಲ್ಪ ಓದಿಸ್ತೀನಿ,” ಎಂದ ನೌಷಾದ್.

ಮಧ್ಯಾಹ್ನದ ಹೊತ್ತಿಗೆ ಚಾನೆಲುಗಳು ಬಿಡಿಬಿಡಿಯಾಗಿ ಬಂದವು. ಅವನು ಪಿಟೀಲೊಂದನ್ನೇ ಹಾಕಿದ. ಕಮಾನು ಎತ್ತುವ ಮುಂಚೆ ಪದ್ಮನಾಭ ಗಂಟಲು ಸರಿಮಾಡಿಕೊಂಡದ್ದೂ ಕೇಳಿಸಿತು. ನೌಷಾದ್ ಕಣ್ಣೊರೆಸಿಕೊಂಡ. ಅವಳು ಕದಲಲಿಲ್ಲ.

“ಇದನ್ನ ಪೆನ್‌ಡ್ರೈವಿಗೆ ಹಾಕಿಕೊಡ್ಲಾ ಅಕ್ಕ?”

“ಬೇಡ. ಇದೊಂದನ್ನ ಬಿಟ್ಟು ಉಳಿದದ್ದೆಲ್ಲ ಕೊಡು.”

“ಅಣ್ಣ ನುಡಿಸಿದ್ದೇ ಬೇಡ್ವಾ?”

“ಬರೋ ತಿಂಗಳು ತಂಡದ ಕಾರ್ಯಕ್ರಮ ಇದೆ. ಅವರ ಜಾಗದಲ್ಲಿ ಪಿಟೀಲು ನಾನು ನುಡಿಸ್ತಿದೀನಿ, ಅಭ್ಯಾಸಕ್ಕೆ ಬೇಕು.”