ಟಾರ್ಪಾಲಿನಡಿಯ ಕಾರು

"ನೀನು ಕದ್ದು ಓಡಿಸಿದ್ದಕ್ಕೇ ಕೆಟ್ಟಿರೋದು," ಎಂದು ಗಂಡ ಗ್ಯಾರೇಜಿನ ಬಾಗಿಲಲ್ಲೇ ಕೂಗಾಡಿದ.

ಅವಳಿಗೆ ಮೈಯೆಲ್ಲ ಉರಿಯಿತು. ಕಾರು ಅವಳ ಅಪ್ಪನದು. ಓಡಿಸಲು ಕಲಿಸಿ, ಸಾಯುವಾಗ ಅದನ್ನು ಮಗಳಿಗೇ ಬಿಟ್ಟುಹೋಗಿದ್ದ. ಕಾರು ಮನೆಗೆ ಬಂದ ದಿನವೇ ಗಂಡ ಅದಕ್ಕೆ ಟಾರ್ಪಾಲು ಹೊದಿಸಿದವನು, ಅವಳನ್ನು ಅದರ ಹತ್ತಿರ ಸೇರಿಸಿರಲಿಲ್ಲ.

ಮೆಕ್ಯಾನಿಕ್ ಬಿರುಕುಬಿಟ್ಟ ರಬ್ಬರ್ ಪೈಪು ಎತ್ತಿ ತೋರಿಸಿದ. "ಅಕ್ಕ ಓಡಿಸಿದ್ರೆ ಉಳೀತಿತ್ತು ಸಾರ್. ಈಗಿನ ಪೆಟ್ರೋಲಲ್ಲಿ ಎಥೆನಾಲ್ ಇರುತ್ತೆ. ಹಳೇ ಕಾರಿಗೆ ತುಂಬಿ ಸುಮ್ನೆ ನಿಲ್ಲಿಸಿದ್ರೆ ನೀರು ಎಳ್ಕೊಂಡು ಟ್ಯಾಂಕು, ಪೈಪು ಎಲ್ಲಾ ತಿಂದಾಕುತ್ತೆ."

"ಕೇಳಿಸ್ತೇನ್ರೀ? ನಮ್ಮಪ್ಪನ ಕಾರು ಹಾಳು ಮಾಡಿದ್ದು ನೀವು."

"ಬಾಯಿ ಮುಚ್ಚು. ಹೆಂಗಸರ ಕೈಗೆ ಸ್ಟೀರಿಂಗ್ ಕೊಡೋ ವಂಶ ಅಲ್ಲ ನಮ್ದು. ರಿಪೇರಿ ಆಗ್ಲಿ, ದಿನಾ ನಾನೇ ಓಡಿಸ್ತೀನಿ."

ವಾರ ಬಿಟ್ಟು ಇಬ್ಬರೂ ಹೋದಾಗ ಎಂಜಿನ್ ಗುರುಗುಡುತ್ತಿತ್ತು. "ಒಂದು ರೌಂಡ್ ಹೋಗ್ಬನ್ನಿ ಸಾರ್," ಎಂದು ಮೆಕ್ಯಾನಿಕ್ ಡ್ರೈವರ್ ಸೀಟಿನ ಬಾಗಿಲು ತೆರೆದು ನಿಂತ. ಅವಳು ಹಲ್ಲು ಕಚ್ಚಿಕೊಂಡು ಪಕ್ಕದ ಸೀಟಿನ ಕಡೆ ನಡೆದಳು.

ಗಂಡ ಸರಸರನೆ ಸುತ್ತಿ ಬಂದು, ಅವಳಿಗಿಂತ ಮೊದಲೇ ಆ ಸೀಟಿನಲ್ಲಿ ಕೂತು, ತಲೆಯೆತ್ತದೆ ಗದರಿದ: "ನೋಡ್ತಾ ನಿಂತ್ಕೋಬೇಡ, ಹೋಗಿ ಆ ಕಡೆ ಕೂತ್ಕೊ. ನಂಗೆ ಓಡ್ಸೋಕೆ ಬರಲ್ಲ."