ಬಾಗಿಲ ಪಕ್ಕದ ಜಾಗ

“ಹೆತ್ತ ಮಗಳಿಗೆ ನಾನು ಹೊಡೀತೀನಾ? ಏನ್ ಮಾತಮ್ಮ ಇದು!” ಅಪ್ಪ ಅಬ್ಬರಿಸಿದ.

ಶಾಲೆಯ ಆಪ್ತಸಮಾಲೋಚಕಿ ವಿಚಾರಿಸಲು ಮನೆಗೇ ಬಂದಿದ್ದಳು. ಅವಳು ಬಿಡಲಿಲ್ಲ. “ಮತ್ತೆ ಕ್ಲಾಸಲ್ಲಿ ಯಾಕೆ ಉಚ್ಚೆ ಮಾಡ್ಕೋತಾಳೆ? ಯಾರಿಗೆ ಹೆದರ್ತಾಳೆ?”

ಭಯವಾಗುವ ಮನೆಯಲ್ಲಿ ಬಾಗಿಲ ಪಕ್ಕವೇ ಕೂರಿ, ಓಡಲು ದಾರಿ ಇರಲಿ ಎಂದು ತರಬೇತಿಯಲ್ಲಿ ಹೇಳಿಕೊಟ್ಟಿದ್ದರು. ಸಮಾಲೋಚಕಿ ಹಾಗೆಯೇ ಕೂತಿದ್ದಳು. ಹುಡುಗಿ ಅಪ್ಪನ ತೊಡೆಯ ಮೇಲಿದ್ದಳು.

ಅಷ್ಟರಲ್ಲಿ ಕ್ಲಾಸ್ ಮೇಷ್ಟ್ರು ಬೈಕ್ ನಿಲ್ಲಿಸಿ ಒಳಗೆ ಬಂದು ಅಪ್ಪನ ಪಕ್ಕದ ಕುರ್ಚಿಯಲ್ಲಿ ಕೂತರು. “ಇಂಥೋರಿಗೆ ಪೊಲೀಸರೇ ಸರಿ ಮೇಡಂ” ಎಂದರು.

ಹುಡುಗಿ ತೊಡೆಯಿಂದ ಜಾರಿ ಇಳಿದಳು. ಗೋಡೆಗೆ ಒತ್ತಿಕೊಂಡೇ ಬಂದು, ಬಾಗಿಲ ಪಕ್ಕ ಸಮಾಲೋಚಕಿಯ ಸೆರಗು ಹಿಡಿದು ಕೂತಳು.

ಮೂವರೂ ಅವಳನ್ನೇ ನೋಡಿದರು.

“ಬೈಕ್ ಲಾಕ್ ಮಾಡಿ ಬರ್ತೀನಿ” ಎಂದು ಹೊರಗೆ ಹೋದ ಮೇಷ್ಟ್ರು ಮತ್ತೆ ಒಳಗೆ ಬರಲಿಲ್ಲ.